ಕೂಲೆಂಟಿಗೆ ಸುರಿದ ಫಿನಾಯಿಲು

ಹೊಸೂರಿನ ನಮ್ಮ ಕಾರ್ಖಾನೆಯಲ್ಲಿ ಲೋಹ ಕಡೆಯುವಾಗ ಬಿಸಿ ತಣಿಸಲು ಮೆಷಿನ್ನಿಗೆ ಬಿಡುವ ಕೂಲೆಂಟನ್ನು ನಾವೆಲ್ಲ ಹಾಲು ಅಂತಲೇ ಕರೆಯುವುದು. ಎಣ್ಣೆಯನ್ನು ನೀರಿಗೆ ಬೆರೆಸಿದರೆ ಹಾಗೇ ಬೆಳ್ಳಗೆ ಕಾಣುತ್ತದೆ. ಭಾನುವಾರ ಮೆಷಿನ್ ನಿಂತರೆ ಸೋಮವಾರಕ್ಕೆ ಗಬ್ಬು ನಾರುತ್ತದೆ.

ಅಂಥದೊಂದು ಸೋಮವಾರ ದೊಡ್ಡ ಗಿರಾಕಿಗಳು ಬರುವವರಿದ್ದರು. ಮ್ಯಾನೇಜರು ಕಕ್ಕಸು ತೊಳೆಯುವ ಫಿನಾಯಿಲು ತರಿಸಿ, ನನ್ನ ಚಿಕ್ಕಪ್ಪನ ಮಗನ ಮೆಷಿನ್ನಿನ ಟ್ಯಾಂಕಿಗೆ ಸುರಿಸಿದರು. ನಾತ ಅಡಗಿತು. ಬಂದವರು ಕಾಫಿ ಕುಡಿದು ಹೋದರು.

ಮಾರನೆಯ ದಿನ ಪೇಚಾಟ ಶುರುವಾಯಿತು. ಆ ನನ್ನ ತಮ್ಮ ಕಡೆಯುತ್ತಿದ್ದದ್ದು ನಿಕ್ಕಲ್ ಬೆರೆತ ಗಟ್ಟಿ ಲೋಹ. ಮೆತ್ತನೆಯ ಉಕ್ಕಾದರೆ ಬಿಸಿಯೆಲ್ಲ ಹೆರೆದ ಚೂರಿನ ಸುರುಳಿಯ ಜತೆ ಹಾರಿಹೋಗುತ್ತದೆ. ಈ ಲೋಹ ಹಾಗಲ್ಲ, ಬಿಸಿಯನ್ನೆಲ್ಲ ತಂದು ಕಡೆಯುವ ಉಳಿಯ ತುದಿಗೆ, ಅಂದರೆ ಟಿಪ್ಪಿನ ಮೂತಿಗೇ ಹಚ್ಚುತ್ತದೆ. ತಣಿಸಬೇಕಾದ ಹಾಲೇ ಫಿನಾಯಿಲಿಗೆ ಒಡೆದು ಎಣ್ಣೆ ಮೇಲೆ, ನೀರು ಕೆಳಗೆ ಆಗಿದ್ದರೆ? ನಾಲ್ಕಾರು ಪೀಸು ಕಡೆಯುತ್ತಿದ್ದ ಟಿಪ್ಪು ಒಂದು ಮುಗಿಯುವುದರೊಳಗೇ ಸವೆದು ಬೋಳಾಗುತ್ತಿತ್ತು. ಪೀಸುಗಳೆಲ್ಲ ಗುಜರಿಗೆ.

"ಇವನ ಕೈಯೇ ಸರಿಯಿಲ್ಲ" ಎಂದು ಮ್ಯಾನೇಜರು ಎಲ್ಲರ ಮುಂದೆ ಕೂಗಾಡಿ ಅವನನ್ನು ಪ್ಯಾಕಿಂಗಿಗೆ ಎತ್ತಿಹಾಕಿದರು. ಕೆಲಸ ಕಾಯಂ ಆಗುವುದರಲ್ಲಿತ್ತು, ಅದೂ ನಿಂತಿತು.

ಸಂಜೆ ಮನೆಗೆ ಹೋಗುವ ರಾಯಕೋಟೆ ಬಸ್ಸಿನಲ್ಲಿ ನನ್ನ ತಮ್ಮ ನಗುತ್ತಾನೆ!

"ಬಿಡಣ್ಣೋ, ಅಲ್ಲಿ ರಟ್ಟಿನ ವಾಸ್ನೆ. ಸೆಂದಾಕೈತೆ."

"ಮುಚ್ಲಾ ಬಾಯಿ! ಸುರ್ಸಿದ್ದು ಅವ್ನು, ಕೈ ಕೆಟ್ಟಿದ್ದು ನಿಂದಾ?"

ಮರುದಿನ ಆ ಟ್ಯಾಂಕಿನ ಹಾಲನ್ನು ಒಂದು ಬಾಟಲಿಯಲ್ಲಿ ಹಿಡಿದು ಮ್ಯಾನೇಜರ ಮೇಜಿನ ಮೇಲೆ ಕುಕ್ಕಿದೆ.

"ಇದೇನಯ್ಯಾ?"

"ಒಡೆದೋಗಿರೋ ಹಾಲು ಸಾರ್. ನಿಮ್ಮ ಫಿನಾಯಿಲ್ ಮಹಿಮೆ."

"ಗೊತ್ತು ಹೋಗಯ್ಯಾ. ಟ್ಯಾಂಕ್ ತೊಳ್ಸಿ ಬೇರೆ ತುಂಬ್ಸು."

ಗೊತ್ತಂತೆ! ತಿಳಿಯದೆ ಮಾಡಿದ್ದರೆ ನನ್ನ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ. ಹೊಸ ಹಾಲು ತುಂಬಿಸಿದೆವು, ಟಿಪ್ಪು ಮೊದಲಿನಂತೆ ಬಾಳಿತು. ಮೆಷಿನ್ನಿನ ಮುಂದೆ ಮಾತ್ರ ಬೇರೆ ಯಾರೋ. ನನ್ನ ತಮ್ಮ ಪ್ಯಾಕಿಂಗಿನಲ್ಲಿ ಡಬ್ಬಗಳಿಗೆ ಟೇಪು ಅಂಟಿಸುತ್ತಲೇ ಇದ್ದ.

ಇನ್ನೊಂದು ಸೋಮವಾರ, ಮತ್ತೆ ಗಿರಾಕಿಗಳು, ಮತ್ತೆ ಫಿನಾಯಿಲ್ ಕ್ಯಾನು. ನಾನು ಹೋಗಿ ಟ್ಯಾಂಕಿನ ಮುಚ್ಚಳದ ಮೇಲೆ ಕುಳಿತುಬಿಟ್ಟೆ.

"ಏಳಯ್ಯಾ, ಗೇಟಿಗೆ ಕಾರು ಬಂತು!"

"ಬರ್ಲಿ ಸಾರ್. ನಾವು ದಿನಾ ಕುಡಿಯೋ ನಾತ, ಅವ್ರೂ ಒಂದ್ಗಳಿಗೆ ಕುಡೀಲಿ. ನನ್ ತಮ್ಮ ಬಂದು ಈ ಮೆಷಿನ್ ಮುಂದೆ ನಿಂತ್ಕಂಡ್ರೆ ಎದ್ದೇಳ್ತೀನಿ."

ಮ್ಯಾನೇಜರು ಗೇಟಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. ಹಲ್ಲು ಕಚ್ಚಿಕೊಂಡೇ ಪ್ಯಾಕಿಂಗಿಗೆ ಫೋನು ಮಾಡಿದರು. ಕೈಯಲ್ಲಿ ಟೇಪಿನ ಸುರುಳಿ ಹಿಡಿದುಕೊಂಡೇ ತಮ್ಮ ಓಡಿಬಂದ. ಆಮೇಲೆ ಎದ್ದೆ; ಫಿನಾಯಿಲ್ ಕ್ಯಾನಿನ ಬಿರಡೆ ಬಿಚ್ಚಲೇ ಇಲ್ಲ.

ಕಾಯಂ ಮಾಡುವ ಮಾತನ್ನು ಮಾತ್ರ ಇನ್ನೂ ಯಾರೂ ಎತ್ತಿಲ್ಲ. ಬರುವ ಸೋಮವಾರವೂ ಆ ಮುಚ್ಚಳ ಅಲ್ಲೇ ಇರುತ್ತದೆ, ನಾನೂ.