ಹಿಂದಿನ ಎಡದ ಸ್ಪೀಕರು

ಕಳೆದ ವಾರ ಸ್ಟಾಫ್ ರೂಮಿನಲ್ಲಿ ಪಕ್ಕದ ಕುರ್ಚಿಯಿಂದ ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆಯ ವಾಸನೆ ಬಂತು. ತಿರುಗಿ ನೋಡಿದರೆ ಹಿಂದಿ ಟೀಚರ್ ಎಡಗಿವಿಗೆ ಹತ್ತಿ ಇಟ್ಟುಕೊಂಡು ಉತ್ತರಪತ್ರಿಕೆ ತಿದ್ದುತ್ತಿದ್ದರು. ಎರಡು ದಿನದಿಂದ ಕಿವಿ ಕಟ್ಟಿದ ಹಾಗೆ ಉಂಟು, ಶೀತ ಇರ್ಬೇಕು ಎಂದರು. ನಾನು ಪೆನ್ನು ಕೆಳಗಿಟ್ಟು, ಈಗಲೇ ರಜೆ ಹಾಕಿ ಸುಳ್ಯಕ್ಕೆ ಹೋಗಿ ಕಿವಿಯ ಡಾಕ್ಟರಿಗೆ ತೋರಿಸಿ, ನಾಳೆಗೆ ಇಡಬೇಡಿ ಎಂದೆ. ಧ್ವನಿ ಜೋರಾಗಿಯೇ ಇದ್ದಿರಬೇಕು, ಸ್ಟಾಫ್ ರೂಮಿನಲ್ಲಿ ಎಲ್ಲರೂ ತಲೆ ಎತ್ತಿ ನೋಡಿದರು. ಪಾಪ, ಹೆದರಿ ಮಧ್ಯಾಹ್ನದ ಬಸ್ಸಿಗೇ ಹೋದರು. ಸಂಜೆ ಫೋನ್ ಮಾಡಿ, ಬರೀ ಕಿವಿಯ ಗುಗ್ಗೆ ಅಂತೆ ಮಾರಾಯ್ರೆ, ತೆಗೆದ್ರು ಎಂದು ನಕ್ಕರು. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಸುಮಾರು ಹೊತ್ತು ಏನು ಮಾಡಲೂ ಮನಸ್ಸಾಗಲಿಲ್ಲ.

ಆ ವಾಸನೆ ನನಗೆ ಪಕ್ಕದ ಮನೆಯವರದು...

ಬೆಳ್ಳಾರೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಎಲ್ಲರಿಗೂ ಅವರು 'ಸೌಂಡಿನವರು'. ಪೇಟೆಯಲ್ಲಿ ರಿಪೇರಿ ಅಂಗಡಿ, ಜೊತೆಗೆ ಮದುವೆ, ಯಕ್ಷಗಾನ, ಶಾಲಾ ವಾರ್ಷಿಕೋತ್ಸವಗಳಿಗೆ ಮೈಕು. ಕಡಬದಿಂದ ಪುತ್ತೂರಿನ ತನಕ ಅವರಿಗೆ ಕರೆ ಇತ್ತು. ಭಾಗವತರು ಪದ ಎತ್ತುವ ಮೊದಲು ಸೌಂಡ್ ಮಿಕ್ಸರಿನ ಹಿಂದೆ ಇವರಿದ್ದಾರಾ ಎಂದು ಒಮ್ಮೆ ಕಣ್ಣು ಹಾಯಿಸುತ್ತಿದ್ದುದನ್ನು ನಾನೇ ನೋಡಿದ್ದೇನೆ. ಚೆಂಡೆ ಎಷ್ಟು, ಸ್ವರ ಎಷ್ಟು ಎನ್ನುವುದಕ್ಕೆ ಅವರ ಕಿವಿಯೇ ಕೊನೆಯ ಮಾತು.

ನಮ್ಮ ಪರಿಚಯ ಆದದ್ದು ಜಗಳದಲ್ಲಿ. ನಾನು ಅವರ ಪಕ್ಕದ ಮನೆಗೆ ಬಾಡಿಗೆಗೆ ಬಂದ ಹೊಸತು. ಭಾನುವಾರ ಊಟವಾದ ಮೇಲೆ ನಾನು ಪೇಪರ್ ತಿದ್ದಲು ಕೂತರೆ ಪಕ್ಕದ ಗೋಡೆಯಿಂದ ಡ್ರಮ್ಮಿನ ಗುದ್ದು. ಮೂರನೆಯ ಭಾನುವಾರ ತಡೆಯಲಾರದೆ ಹೋಗಿ ಬಾಗಿಲು ಬಡಿದೆ. ನಾನು ಗಣಿತದ ಟೀಚರು, ಮುಖಕ್ಕೆ ಹೊಡೆದ ಹಾಗೆ ಮಾತಾಡುವವಳು ಎಂದು ಶಾಲೆಯಲ್ಲಿ ಹೆಸರು ಪಡೆದವಳು. ಅವರು ನನ್ನ ದೂರನ್ನು ಪೂರ್ತಿ ಕೇಳಿ, "ನಿಮಗೆ ಗೋಡೆಯಾಚೆಯಿಂದ ಬರೀ ಡ್ರಮ್ಮು ಕೇಳುದಲ್ವಾ ಟೀಚರೇ, ಹಾಗಾಗಿ ಸಿಟ್ಟು. ಒಳಗೆ ಬಂದು ಕೂತ್ಕೊಳ್ಳಿ," ಎಂದರು.

ಗೋಡೆ ತುಂಬ ಬೇಕರಿಯಿಂದ ತಂದ ಮೊಟ್ಟೆಯ ಟ್ರೇ ಅಂಟಿಸಿದ ಸಣ್ಣ ಕೋಣೆ. ಅವರೇ ಅಳತೆ ಕೊಟ್ಟು ಹಲಸಿನ ಮರದಲ್ಲಿ ಮಾಡಿಸಿದ ಐದು ಸ್ಪೀಕರ್ ಪೆಟ್ಟಿಗೆಗಳು, ಮುಂದೆ ಮೂರು, ಹಿಂದೆ ಎರಡು. ನಡುವೆ ಒಂದು ಕುರ್ಚಿ. ಮೇಜಿನ ಮೇಲೆ ದುಬೈಯಲ್ಲಿರುವ ತಮ್ಮ ತಂದುಕೊಟ್ಟ ದೊಡ್ಡ ಪೆಟ್ಟಿಗೆ. ಅದು ಅವರು ಪುತ್ತೂರಿನ ಹಾಸ್ಟೆಲಿನಲ್ಲಿದ್ದಾಗ ಕೇಳುತ್ತಿದ್ದ ಇಂಗ್ಲಿಷ್ ರಾಕ್ ಆಲ್ಬಮ್ಮಿನ ಡೀಲಕ್ಸ್ ಆವೃತ್ತಿ. ಒಳಗೆ ದಪ್ಪ ಫೋಟೋ ಪುಸ್ತಕ, ಪೋಸ್ಟರು, ನಾಲ್ಕು ಡಿಸ್ಕು. ಅದರಲ್ಲಿ ಐದು ಕಡೆಯಿಂದ ಬೇರೆ ಬೇರೆ ವಾದ್ಯ ಕೇಳಿಸುವ ಒಂದು ಡಿಸ್ಕಿಗಾಗಿಯೇ ಈ ಐದು ಸ್ಪೀಕರು.

"ಕಾಪಿಯ ಕಾಪಿ ಕ್ಯಾಸೆಟಿನಲ್ಲಿ ಈ ಬಾರಿಸುವವರೆಲ್ಲ ಒಂದೇ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಹೋಗ್ತಿದ್ರು," ಎಂದರು. "ಇದರಲ್ಲಿ ಒಬ್ಬೊಬ್ಬನಿಗೆ ಒಂದೊಂದು ಸೀಟು."

ಆ ಆಲ್ಬಮ್ಮನ್ನು ಅವರು ಕ್ಯಾಸೆಟಿನಲ್ಲಿ, ಸಿಡಿಯಲ್ಲಿ, ಆಮೇಲೆ ತೊಳೆದು ಶುದ್ಧ ಮಾಡಿದ್ದು ಎಂದು ಬಂದ ಇನ್ನೊಂದು ಸಿಡಿಯಲ್ಲಿ, ಈಗ ಪೆಟ್ಟಿಗೆಯಲ್ಲಿ, ಹೀಗೆ ನಾಲ್ಕು ಸಲ ಮನೆಗೆ ತಂದಿದ್ದರು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಅಕ್ಕ ಚಾ ತಂದಿಟ್ಟು, "ಮದುವೆ ಸೀರೆ ನನಗೆ ಒಂದೇ ಸಲ ತೆಗ್ದದ್ದು," ಎಂದು ಒಳಗೆ ಹೋಗುತ್ತಿದ್ದರು.

ಮೂರನೆಯ ಹಾಡಿನಲ್ಲಿ ಗಾಯಕ ಹಾಡುವುದನ್ನು ನಿಲ್ಲಿಸಿದ ಕೂಡಲೇ ಹಿಂದಿನ ಎಡದ ಸ್ಪೀಕರಿನಿಂದ ಒಂದು ಸಣ್ಣ ಸದ್ದು ಬರುತ್ತದೆ. ಒಣಗಿದ ಕಾಯಿಯೊಳಗೆ ಬೀಜ ಅಲ್ಲಾಡಿದಂತೆ, ನಾಲ್ಕು ಸಲ, ಮೆಲ್ಲಗೆ. ಕ್ಯಾಸೆಟಿನಲ್ಲಿ ಅದು ಇರಲೇ ಇಲ್ಲ, ಉಳಿದ ಗದ್ದಲದಲ್ಲಿ ಮುಚ್ಚಿಹೋಗಿತ್ತು. ಸೌಂಡಿನವರು ಅದಕ್ಕೆ 'ಹಿಂದಿನವ' ಎನ್ನುತ್ತಿದ್ದರು. ಇಷ್ಟು ವರ್ಷ ಆ ಮನುಷ್ಯ ಅಲ್ಲಿ ಕೂತು ಅಲ್ಲಾಡಿಸ್ತಾ ಇದ್ದ, ಯಾರಿಗೂ ಗೊತ್ತಿಲ್ಲ ಎಂದು ಅವರಿಗೆ ಅವನ ಮೇಲೆ ಕನಿಕರ. ಅವನು ಬಂದ ಕೂಡಲೇ ಕಣ್ಣು ಮುಚ್ಚಿಕೊಂಡೇ ಎಡಗೈಯ ತೋರುಬೆರಳು ಮೇಲೆತ್ತುತ್ತಿದ್ದರು. ನಾನೂ ಕ್ರಮೇಣ ಪ್ರತಿ ಭಾನುವಾರ ಹೋಗಿ ಬದಿಯ ಕುರ್ಚಿಯಲ್ಲಿ ಕೂತು ಆ ಬೆರಳಿಗಾಗಿ ಕಾಯುವವಳಾದೆ.

ಹೀಗೆ ಎರಡು ವರ್ಷ ಕಳೆದಿರಬೇಕು... ಒಂದು ಭಾನುವಾರ ಹೋದಾಗ ಕೋಣೆಯಲ್ಲಿ ಬೆಳ್ಳುಳ್ಳಿ ಎಣ್ಣೆಯ ವಾಸನೆ. ಹಿಂದಿನ ದಿನ ಕಡಬದಲ್ಲಿ ಒಂದು ಮದುವೆಯ ಮೈಕು ಮುಗಿಸಿ ಬಂದವರಿಗೆ ಎಡಗಿವಿ ಕಟ್ಟಿದ ಹಾಗಾಗಿತ್ತಂತೆ. ಅಕ್ಕ ಎಣ್ಣೆ ಬಿಟ್ಟಿದ್ದರು. ಸೌಂಡಿನವರು ಕಿವಿಯ ಹತ್ತಿ ತೆಗೆದು ಡಿಸ್ಕು ಹಾಕಿ ನಡುವಿನ ಕುರ್ಚಿಯಲ್ಲಿ ಕೂತರು. ಮೂರನೆಯ ಹಾಡು ಬಂತು. ಗಾಯಕ ನಿಲ್ಲಿಸಿದ. ಹಿಂದಿನವ ಬಂದ, ನಾಲ್ಕು ಸಲ ಅಲ್ಲಾಡಿಸಿ ಹೋದ. ಬೆರಳು ಏಳಲಿಲ್ಲ.

ಅವರು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದರು. ಮತ್ತೊಮ್ಮೆ ಹಾಕಿದರು. ಮೂರನೆಯ ಸಲಕ್ಕೆ ಕಣ್ಣು ಬಿಟ್ಟು ನನ್ನನ್ನು ನೋಡಿದರು. ಮುಖದಲ್ಲಿ ಬೆವರಿತ್ತು.

"ಟೀಚರೇ, ಹಿಂದಿನವ ಬಂದನಾ?"

ನನಗೆ ಮೂರು ಸಲವೂ ಸ್ಪಷ್ಟವಾಗಿ ಕೇಳಿತ್ತು. ಹೌದು ಎಂದರೆ ಕೆಟ್ಟದ್ದು ಅವರ ಕಿವಿ, ಇಲ್ಲ ಎಂದರೆ ಕೆಟ್ಟದ್ದು ಸ್ಪೀಕರು. ಇಷ್ಟೇ ಲೆಕ್ಕ. ತರಗತಿಯಲ್ಲಿ ತಪ್ಪನ್ನು ತಪ್ಪು ಎನ್ನಲು ಒಂದು ಕ್ಷಣ ಯೋಚಿಸದ ನನಗೆ, ಆ ಮನುಷ್ಯನಿಗೆ ನಿಮ್ಮ ಕಿವಿಯದ್ದೇ ತೊಂದರೆ ಎಂದು ಹೇಳಲು ಬಾಯಿ ಬರಲಿಲ್ಲ. ಶೀತ ತಾನೆ, ಎರಡು ದಿನದಲ್ಲಿ ಬಿಡುತ್ತದೆ ಎಂದುಕೊಂಡೆ.

"ಇಲ್ಲ... ನನಗೂ ಕಮ್ಮಿಯೇ ಕೇಳ್ತದೆ," ಎಂದೆ.

ಅವರು ಉಸಿರು ಬಿಟ್ಟರು. "ಹಾಗಾದ್ರೆ ಒಳಗಿನ ಬೋರ್ಡು ಹೋದದ್ದು. ನಾನು ಎಂತೆಂತ ಗ್ರಹಿಸಿದೆ ಮಾರಾಯ್ರೆ," ಎಂದು ನಕ್ಕು, ಅಲ್ಲಿಯೇ ಆಂಪ್ಲಿಫೈಯರಿನ ಸ್ಕ್ರೂ ಬಿಚ್ಚತೊಡಗಿದರು.

ಮರುದಿನ ಸಂಜೆ ಶಾಲೆಯಿಂದ ಬರುವಾಗ ಅವರ ಕಿಟಕಿಯಿಂದ ಬೆಸುಗೆಯ ಹೊಗೆ ಬರುತ್ತಿತ್ತು. ನನ್ನನ್ನು ಕಂಡದ್ದೇ ಕರೆದರು. "ಈಗ ಕೇಳಿ." ಕೇಳಿದೆ. ಹಿಂದಿನವ ಚೆನ್ನಾಗಿಯೇ ಬಂದ. ಸರಿಯಾಯಿತು ಎನ್ನೋಣವೆಂದರೆ ಅವರಿಗೆ ಕೇಳುವುದಿಲ್ಲವಲ್ಲ, ನನ್ನ ಸುಳ್ಳು ಹೊರಬೀಳುತ್ತದೆ. ಹಾಗೇ ಉಂಟು ಎಂದೆ. ಮೂರನೆಯ ದಿನವೂ ಅದೇ ಮಾತು, ನಾಲ್ಕನೆಯ ದಿನವೂ ಅದೇ. ಅವರು ಸ್ಪೀಕರಿನ ಹತ್ತಿರ ಹೋಗಿ ಬಗ್ಗಿದರೆ ಬಲಗಿವಿಗೆ ಕೇಳುತ್ತಿತ್ತು, ಕುರ್ಚಿಗೆ ಬಂದು ಕೂತರೆ ಮಾಯ. ಪವರ್ ಸಾಕಾಗುವುದಿಲ್ಲ ಎಂದು ಅವರೇ ಕಾರಣ ಹುಡುಕಿದರು. ಮೀಟರ್ ಇಟ್ಟು ನೋಡಿದರು, ಮುಳ್ಳು ಸರಿಯಾದ ಜಾಗದಲ್ಲೇ ನಿಂತಿತು. ಅದನ್ನು ನೋಡಿ ನಾನು ಇನ್ನು ಅವರಿಗೆ ಗೊತ್ತಾಯಿತು ಎಂದುಕೊಂಡೆ, ಗೊತ್ತಾಗಲಿ ಎಂದೂ ಆಸೆಪಟ್ಟೆ. ಅವರು ಮೀಟರನ್ನು ಬದಿಗೆ ಸರಿಸಿದರು.

"ಇದಕ್ಕೆ ವಯಸ್ಸಾಯ್ತು. ನಿಮಗೂ ಕೇಳುದಿಲ್ಲ, ನನಗೂ ಕೇಳುದಿಲ್ಲ. ಮತ್ತೆ ಮೀಟರಿನದ್ದು ಎಂತ?"

ಆರನೆಯ ದಿನ ನನಗೆ ಹೆದರಿಕೆ ಶುರುವಾಯಿತು. ಅವರು ಮಾತಾಡುವಾಗ ತಲೆಯನ್ನು ಎಡಕ್ಕೆ ತಿರುಗಿಸಿ ಬಲಗಿವಿ ಕೊಡುತ್ತಿದ್ದರು. ಅಡುಗೆಮನೆಗೆ ಹೋಗಿ ಅಕ್ಕನಲ್ಲಿ, ಒಮ್ಮೆ ಡಾಕ್ಟರಿಗೆ ತೋರಿಸಿದರೆ ಒಳ್ಳೆಯದಿತ್ತು ಎಂದೆ. ಅಕ್ಕ ಸೌಟು ಹಿಡಿದುಕೊಂಡೇ ತಿರುಗಿದರು.

"ಶೀತಕ್ಕೆ ಎಂತ ಡಾಕ್ಟರು? ನಿಮಗೂ ಕೇಳುದಿಲ್ಲ ಅಂತ ನೀವೇ ಹೇಳಿದ್ರಲ್ಲ ಟೀಚರೇ."

ಅಲ್ಲಿ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಐದಾರು ದಿನ ಸುಳ್ಳು ಹೇಳಿದವಳು ಎಂದು ಅಕ್ಕನ ಎದುರು ನಿಲ್ಲಲು ನಾಚಿಕೆಯಾಯಿತು. ಮೊದಲ ದಿನದ ಸುಳ್ಳು ಅವರಿಗಾಗಿ ಹೇಳಿದ್ದು ಎಂದು ಈಗಲೂ ಹೇಳಿಕೊಳ್ಳಬಲ್ಲೆ. ಆರನೆಯ ದಿನ ಸುಮ್ಮನಿದ್ದದ್ದು ನನಗಾಗಿ.

ಮಂಗಳೂರಿನಿಂದ ಬಸ್ಸಿನಲ್ಲಿ ಹೊಸ ಬೋರ್ಡು ಬರಲು ಮತ್ತೆ ನಾಲ್ಕು ದಿನ ಹಿಡಿಯಿತು. ಅದನ್ನು ಕೂರಿಸಿದರು, ಅವರ ಪಾಲಿಗೆ ಹಿಂದಿನವ ಬರಲಿಲ್ಲ. ಹನ್ನೆರಡನೆಯ ದಿನ ಸಂಜೆ ಅಕ್ಕ ಬಂದು, "ಇವ್ರು ಕರೀತಾರೆ," ಎಂದಷ್ಟೇ ಹೇಳಿ ಹೋದರು. ಹೋಗಿ ನೋಡಿದರೆ ಅವರು ಕುರ್ಚಿಯನ್ನು ಹಿಂದೆ ಮುಂದಾಗಿ ತಿರುಗಿಸಿ, ಹಿಂದಿನ ಸ್ಪೀಕರುಗಳಿಗೆ ಮುಖ ಮಾಡಿ ಕೂತಿದ್ದರು. ಎಡದಲ್ಲಿದ್ದದ್ದು ಈಗ ಅವರ ಬಲಕ್ಕೆ ಬಂದಿತ್ತು. ಹಾಡು ಹಾಕಿದರು. ಹಿಂದಿನವ ಬಂದ. ಬೆರಳು ಎದ್ದಿತು. ಅವರು ನಗಲಿಲ್ಲ.

"ಬೋರ್ಡು ಸರಿಯೇ ಇತ್ತು ಟೀಚರೇ."

"ಹೌದು."

"ಮೊದಲ ದಿನವೂ?"

"ಹೌದು," ಎಂದೆ.

ಬಾಗಿಲಲ್ಲಿ ಅಕ್ಕ ನಿಂತಿದ್ದರು. ಸೌಂಡಿನವರು ಆಂಪ್ಲಿಫೈಯರಿನ ಮುಚ್ಚಳ ಎತ್ತಿಕೊಂಡು ಒಂದೊಂದೇ ಸ್ಕ್ರೂ ಹಾಕಿ ಬಿಗಿ ಮಾಡಿದರು. ಎಂಟು ಸ್ಕ್ರೂ. ಎಂಟನ್ನೂ ಹಾಕಿ ಮುಗಿಯುವವರೆಗೆ ನಾನು ಅಲ್ಲೇ ನಿಂತಿದ್ದೆ.

ಮರುದಿನ ಸುಳ್ಯದ ಆಸ್ಪತ್ರೆಗೆ ನಾನೂ ಹೋದೆ, ಬರಬೇಡಿ ಎಂದು ಯಾರೂ ಹೇಳಲಿಲ್ಲ. ಗಾಜಿನ ಗೂಡಿನಂಥ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದ ಮೇಲೆ ಡಾಕ್ಟರಮ್ಮ ಕಾಗದ ನೋಡಿ, ಶುರುವಾಗಿ ಎಷ್ಟು ದಿನ ಆಯಿತು ಎಂದು ಕೇಳಿದರು. ಕಿವಿಯ ನರಕ್ಕೆ ಹೀಗೆ ಒಮ್ಮೆಲೇ ಆಗುವುದುಂಟು, ಮೊದಲ ಕೆಲವು ದಿನಗಳಲ್ಲೇ ಮದ್ದು ಶುರು ಮಾಡಿದ್ದರೆ ಕೇಳುವ ಶಕ್ತಿ ಹಿಂದೆ ಬರುವ ಸಾಧ್ಯತೆ ಹೆಚ್ಚಿತ್ತು, ಈಗಲೂ ಕೊಡುತ್ತೇನೆ, ಹೇಳಲಿಕ್ಕಾಗುವುದಿಲ್ಲ ಎಂದರು. "ಇಷ್ಟು ದಿನ ಯಾಕೆ ಬರ್ಲಿಲ್ಲ ನೀವು?"

"ಮನೆಯಲ್ಲಿ ಸ್ವಲ್ಪ ರಿಪೇರಿ ಇತ್ತು," ಎಂದರು ಸೌಂಡಿನವರು. ನನ್ನ ಕಡೆ ನೋಡಲೂ ಇಲ್ಲ.

ಕಿವಿ ಬರಲಿಲ್ಲ. ಆ ವರ್ಷದ ಯಕ್ಷಗಾನದ ಆಟಗಳಿಗೆ ಅವರು ಮಿಕ್ಸರಿನ ಹಿಂದೆ ಕೂರಲಿಲ್ಲ, ಸವಣೂರಿನವರೊಬ್ಬರಿಗೆ ಅದನ್ನು ಬಿಟ್ಟುಕೊಟ್ಟು ಅಂಗಡಿಯ ರಿಪೇರಿಗೆ ಸೀಮಿತರಾದರು. ನಾನು ಎರಡು ತಿಂಗಳು ಅವರ ಅಂಗಳ ದಾಟುವಾಗ ತಲೆ ತಗ್ಗಿಸಿ ಹೋದೆ. ಒಂದು ಭಾನುವಾರ ಅವರೇ ಬೇಲಿಯ ಹತ್ತಿರ ಬಂದು ಕರೆದರು. ಕೋಣೆಯಲ್ಲಿ ನಡುವಿನ ಕುರ್ಚಿಯನ್ನು ನನಗೆ ತೋರಿಸಿ, ತಾವು ಬದಿಯದರಲ್ಲಿ ಕೂತರು.

"ಇನ್ನು ನೀವು ಇಲ್ಲಿ ಕೂತ್ಕೊಳ್ಳಿ. ಯಾವುದು ಎಲ್ಲಿಂದ ಬರ್ತದೆ ಹೇಳಿ. ಇದ್ದದ್ದು ಹೇಳಿ, ಆಯ್ತಾ?"

ಆಮೇಲೆ ಆರು ವರ್ಷ ನಾನು ಇದ್ದದ್ದನ್ನು ಹೇಳಿದೆ. ಗಿಟಾರು ಮುಂದಿನ ಬಲದಲ್ಲಿ, ಆರ್ಗನ್ ಹಿಂದಿನ ಬಲದಲ್ಲಿ, ಈಗ ಹಿಂದಿನವ ಬಂದ... ಅವರು ಬೆರಳು ಎತ್ತುತ್ತಿದ್ದರು. ಅಕ್ಕ ಚಾ ತರುವುದನ್ನು ನಿಲ್ಲಿಸಲಿಲ್ಲ, ಆ ಹನ್ನೆರಡು ದಿನಗಳ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಮರೆತಿದ್ದಾರೆ ಎಂದುಕೊಳ್ಳುವುದು ನನಗೆ ಸುಲಭವಾಗಿತ್ತು.

ಕಳೆದ ವರ್ಷ ಅದೇ ಆಲ್ಬಮ್ಮಿನ ಇನ್ನೂ ದೊಡ್ಡ ಪೆಟ್ಟಿಗೆ ಬರುತ್ತದೆ ಎಂದು ತಿಳಿದಾಗ ನನ್ನ ಫೋನಿನಲ್ಲಿ ಬುಕ್ ಮಾಡಿಸಿದರು. ಇನ್ನು ತಲೆ ಮೇಲೆ ಮಾಡಿಗೂ ಸ್ಪೀಕರ್ ಕಟ್ಬೇಕಂತೆ ಎಂದು ನಗುತ್ತಿದ್ದರು. ಪೆಟ್ಟಿಗೆ ಬರುವ ಮೊದಲೇ ಒಂದು ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಆಮೇಲೆ ಕೊರಿಯರಿನವ ತಂದುಕೊಟ್ಟ ಪೆಟ್ಟಿಗೆ ಆರು ತಿಂಗಳು ನನ್ನ ಕಪಾಟಿನ ಮೇಲೆ ಹಾಗೆಯೇ ಇತ್ತು.

ಹಿಂದಿ ಟೀಚರರ ಎಣ್ಣೆಯ ವಾಸನೆ ಮೂಗಿನಿಂದ ಹೋಗದೆ, ಮೊನ್ನೆ ಭಾನುವಾರ ಅದನ್ನು ಎತ್ತಿಕೊಂಡು ಪಕ್ಕದ ಮನೆಗೆ ಹೋದೆ. ಅಕ್ಕ ಕೋಣೆಯ ಬೀಗ ತೆಗೆದುಕೊಟ್ಟರು. ಐದು ಸ್ಪೀಕರಿನ ಹಳೆಯ ಜೋಡಣೆಯ ಡಿಸ್ಕೂ ಅದರಲ್ಲಿತ್ತು, ಅದನ್ನೇ ಹಾಕಿ ನಡುವಿನಲ್ಲಿ ಕೂತೆ. ಇಷ್ಟು ವರ್ಷಗಳಲ್ಲಿ ಒಂದು ಹಾಡಿಗೂ ನಿಲ್ಲದ ಅಕ್ಕ ಅಂದು ಬಂದು ಬದಿಯ ಕುರ್ಚಿಯಲ್ಲಿ ಕೂತರು. ಮೂರನೆಯ ಹಾಡು ಬಂತು, ಗಾಯಕ ನಿಲ್ಲಿಸಿದ. ಹಿಂದಿನಿಂದ ಏನೂ ಬರಲಿಲ್ಲ. ಮತ್ತೆ ಹಾಕಿದೆ. ಎದ್ದು ಹೋಗಿ ಹಿಂದಿನ ಎಡದ ಸ್ಪೀಕರಿಗೆ ಕಿವಿ ಇಟ್ಟೆ, ಅದರಿಂದ ಯಾವ ಸದ್ದೂ ಇಲ್ಲ. ಮುಚ್ಚಿಟ್ಟ ಆರು ತಿಂಗಳಲ್ಲಿ ವಯರು ತುಕ್ಕು ಹಿಡಿಯಿತೋ, ಬೋರ್ಡೇ ಹೋಯಿತೋ, ನೋಡಿ ಹೇಳುವವರು ಇಲ್ಲ.

"ಹಿಂದಿನವ ಬಂದನಾ ಟೀಚರೇ?" ಎಂದು ಅಕ್ಕ ಕೇಳಿದರು.

"ಇಲ್ಲ ಅಕ್ಕ. ಬರ್ತಾ ಇಲ್ಲ."

ಅಕ್ಕ ನನ್ನ ಮುಖವನ್ನೇ ನೋಡಿದರು.

"ಈ ಸಲ ನಿಜವಾ?"

ನಿಜ ಅಕ್ಕ ಎಂದೆ. ಅವರು ಎದ್ದು ಬಂದು, ನನ್ನನ್ನು ಸ್ವಲ್ಪ ಸರಿಸಿ, ತಾವೇ ಆ ಸ್ಪೀಕರಿಗೆ ಕಿವಿ ಇಟ್ಟು ಹಾಡು ಮುಗಿಯುವ ತನಕ ನಿಂತರು.