ಚಕ್ರದ ಕೆಳಗಿನ ನಿಂಬೆಹಣ್ಣು

ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ ಎಂಬ ಗಾದೆಯನ್ನು ನನ್ನ ಹೆಂಡತಿ ನನ್ನ ಮೇಲೆ ಎಷ್ಟು ಸಲ ಪ್ರಯೋಗಿಸಿದ್ದಾಳೋ ನೆನಪಿಲ್ಲ. ಹಾಗೆ ನೋಡಿದರೆ ನಾನು ಕೆಲಸವಿಲ್ಲದವನಲ್ಲ. ಓಮನ್ ದೇಶದ ಸೊಹಾರ್‌ನ ಕಾರ್ಖಾನೆಯೊಂದರಲ್ಲಿ ಪಂಪು, ಮೋಟಾರುಗಳ ಮೇಂಟೆನೆನ್ಸ್ ನೋಡುವವನು. ಕಂಪನಿ ಬಸ್ಸು ಬೆಳಿಗ್ಗೆ ಐದೂವರೆಗೆ ಮನೆ ಮುಂದೆ ಬಂದು ಹಾರ್ನ್ ಹೊಡೆಯುತ್ತದೆ. ಆದರೆ ವಾಪಸ್ ಬಂದು ಚಹಾ ಕುಡಿದ ಮೇಲೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಸಣ್ಣವನಿದ್ದಾಗ ಗದಗಿನಲ್ಲಿ ನಮ್ಮವ್ವ, "ಇವನ ಕಾಲಾಗ ಚಕ್ರ ಐತಿ, ಕೈಯಾಗ ತುರಿಕಿ ಐತಿ" ಅನ್ನುತ್ತಿದ್ದಳು. ಗಡಿಯಾರ, ರೇಡಿಯೊ, ಹೊಲಿಗೆ ಯಂತ್ರ ಎಲ್ಲ ಬಿಚ್ಚಿದ್ದೇನೆ. ಎಲ್ಲವನ್ನೂ ಜೋಡಿಸಿದ್ದೇನೆ ಎಂದು ಹೇಳಲಾರೆ.

ನಮ್ಮ ಮನೆಯ ಮಾಲೀಕರು ಓಮನಿ, ಅರವತ್ತು ದಾಟಿದ ಹಿರಿಯರು. ಮನೆಯ ಹಿಂದೆಯೇ ಅವರ ಖರ್ಜೂರದ ತೋಟ. ಅದರ ಮೂಲೆಯ ಗಾಫ್ ಮರದ ಕೆಳಗೆ, ತಾಡಪತ್ರಿ ಹೊದ್ದು ಒಂದು ಹಳೆಯ ಅಮೆರಿಕನ್ ಕಾರು ನಿಂತಿತ್ತು. ಎರಡೇ ಬಾಗಿಲು, ಉದ್ದ ಮೂತಿ, ಎಂಟು ಸಿಲಿಂಡರಿನ ಎಂಜಿನ್ನು. ಮಸಲ್ ಕಾರ್ ಅನ್ನುತ್ತಾರಲ್ಲ, ಆ ಜಾತಿಯದು, ನನಗಿಂತ ಎರಡು ವರ್ಷ ದೊಡ್ಡದು. ಮಾಲೀಕರ ಅಣ್ಣನ ಗಾಡಿಯಂತೆ. ಅವರು ತೀರಿಹೋದ ಮೇಲೆ ಯಾರೂ ಮುಟ್ಟಿರಲಿಲ್ಲ. ನಾನು ದಿನಾ ಅದರ ಸುತ್ತ ಸುತ್ತುವುದನ್ನು ನೋಡಿ ನೋಡಿ ಮಾಲೀಕರು ತಮ್ಮ ಹರಕು ಹಿಂದಿಯಲ್ಲಿ, "ನೀನು ಓಡುವಂತೆ ಮಾಡಿದರೆ ನಿನ್ನದೇ" ಎಂದುಬಿಟ್ಟರು.

ಅದಾಗಿ ಎಂಟು ವರ್ಷ. ತುಕ್ಕು ಕೆರೆದೆ, ಎಂಜಿನ್ನು ಇಳಿಸಿದೆ, ಸೀಟಿನೊಳಗಿಂದ ಇಲಿಗೂಡು ತೆಗೆದೆ. ಒಂದು ಗ್ಯಾಸ್ಕೆಟ್‌ಗಾಗಿ ಮೂರು ತಿಂಗಳು ಕಾದೆ. ಅದು ಬಂದಾಗ ಅಳತೆ ತಪ್ಪಿತ್ತು. ಆ ಸಿಟ್ಟಿಗೆ ಬೀಸಿ ಒಗೆದ, ಬೋಲ್ಟು ಬಿಚ್ಚುವ ಪಾನಾ ಮಾಲೀಕರ ಆಡಿಗೆ ತಾಗುವುದು ಸ್ವಲ್ಪದರಲ್ಲಿ ತಪ್ಪಿತು. ಆಡು ನನ್ನನ್ನು ನೋಡಿದ ರೀತಿಯಲ್ಲೇ ಹೆಂಡತಿಯೂ ನೋಡಿದಳು.

ಪ್ರತಿವರ್ಷ ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಅವಳು ಕಾರಿಗೆ ಕುಂಕುಮ ಹಚ್ಚಿ, ಮುಂದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದಳು. ಪೂಜೆ ಮುಗಿದ ಮೇಲೆ ಗಾಡಿ ಅದರ ಮೇಲೆ ಹಾದು ಹೋಗಬೇಕು. ನಮ್ಮದು ಹೋಗುವ ಗಾಡಿಯಲ್ಲವಲ್ಲ! ಹಣ್ಣು ಅಲ್ಲೇ ಉಳಿದು, ಇಲ್ಲಿನ ಬಿಸಿಲಿಗೆ ಹದಿನೈದಿಪ್ಪತ್ತು ದಿನದಲ್ಲಿ ಕಪ್ಪಗೆ ಒಣಗುತ್ತಿತ್ತು. ಮಾಂಸದ ಸಾರಿಗೆ, ಚಹಾಕ್ಕೆ ಹಾಕಲು ಓಮನಿಗಳು ಹೀಗೇ ನಿಂಬೆ ಒಣಗಿಸುತ್ತಾರೆ, ಅದಕ್ಕೆ ಲೂಮಿ ಅನ್ನುತ್ತಾರೆ. ಮಾಲೀಕರು ಅದನ್ನು ಎತ್ತಿ ಮೂಸಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಗಾಡಿ ಖಲಾಸ್! ಲೂಮಿ ತೈಯಾರ್!"

ಈ ನಡುವೆ ಹೆಂಡತಿ ಡ್ರೈವಿಂಗ್ ಲೈಸೆನ್ಸಿಗೆ ಹಾಕಿದಳು. ಇಲ್ಲಿನ ಪರೀಕ್ಷೆಯಲ್ಲಿ ಡ್ರಮ್ಮುಗಳ ನಡುವೆ ಗಾಡಿಯನ್ನು ಹಿಂದಕ್ಕೆ ತಂದು ನಿಲ್ಲಿಸಬೇಕು, ತಾಗಿದರೆ ಫೇಲು. ನಾಲ್ಕು ಸಲ ಫೇಲಾದಳು. ನಾಲ್ಕೂ ಸಲ ನಾನು ನಕ್ಕೆ, ಅದು ನನ್ನ ದೊಡ್ಡ ತಪ್ಪು. ಐದನೆಯ ಸಲ ಪಾಸಾದವಳು ನೆಟ್ಟಗೆ ಗಾಫ್ ಮರದ ಕೆಳಗೆ ಬಂದಳು.

"ಈ ಗಾಡಿ ತಯಾರಾದ ದಿವ್ಸ ಮೊದಲ ನಾ ಹೊಡೀತೀನಿ. ಬಾನೆಟ್ ಮುಟ್ಟಿ ಆಣಿ ಮಾಡ್ರಿ."

ಆಣೆ ಮಾಡಿದೆ.

ಈಗ ನಿಜ ಹೇಳಿಬಿಡುತ್ತೇನೆ. ಆ ಎಂಜಿನ್ನು ಎರಡು ವರ್ಷದ ಹಿಂದೆಯೇ ಸ್ಟಾರ್ಟ್ ಆಗಿತ್ತು. ಒಂದು ಶುಕ್ರವಾರ ಮಧ್ಯಾಹ್ನ, ತೋಟವೆಲ್ಲ ಗುಡುಗುವಂತೆ. ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಓಡಿಬಂದಳು. ಅಷ್ಟರಲ್ಲಿ ನನಗೆ ಒಳಗೆಲ್ಲೋ ಟಿಕ್ ಟಿಕ್ ಎಂದು ಸಣ್ಣ ಸಪ್ಪಳ ಕೇಳಿಸಿತು. ಆಫ್ ಮಾಡಿದೆ. "ಒಂದು ವಾರ ತಡಿ" ಎಂದೆ. ವಾರ ಹೋಗಿ ತಿಂಗಳಾಯಿತು. ಸಪ್ಪಳ ಹೋದರೆ ಬ್ರೇಕು ಸರಿ ಕಾಣಲಿಲ್ಲ, ಬ್ರೇಕಾದರೆ ಬಣ್ಣ ಹಿಡಿಸಲಿಲ್ಲ. ಮತ್ತೆ ಬಿಚ್ಚಿದೆ. ಗಾಫ್ ಎಂದರೆ ನಮ್ಮ ಬನ್ನಿ ಗಿಡವೇ ಎಂದು ಕಂಡುಹಿಡಿದವಳೂ ಅವಳೇ. ಅಂದಿನಿಂದ ಅವಳಿಗೆ ಹೊಸ ಅಸ್ತ್ರ ಸಿಕ್ಕಿತು. "ಪಾಂಡವರು ಸುದ್ದಾ ಬನ್ನಿ ಗಿಡದಾಗ ಇಟ್ಟ ಆಯುಧ ಒಂದ ವರ್ಷಕ್ಕ ಹೊರಗ ತಗದ್ರು. ನಿಮ್ಮ ಅಜ್ಞಾತವಾಸ ಯಾವಾಗ ಮುಗಿಯೂದು?"

ಈ ವರ್ಷ ಮಗಳ ಹನ್ನೆರಡನೆಯ ಕ್ಲಾಸು ಮುಗಿದು ಹುಬ್ಬಳ್ಳಿಯ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಮಗಳು ಮೊದಲು ಹೋಗಿ ಪಿಜಿ ಸೇರಿದಳು. ಅಲ್ಲೊಂದು ಮನೆ ಹಿಡಿದು ನಾಲ್ಕು ವರ್ಷ ಜೊತೆಗಿರಲು ಹೆಂಡತಿಯೂ ಹೊರಟಳು. ಟಿಕೆಟ್ ಸಿಕ್ಕದ್ದು ಖಂಡೇಪೂಜೆಯ ಮರುದಿನಕ್ಕೆ. ಅಂದರೆ ಅವಳು ಹೊರಡುವ ಮೊದಲು ಉಳಿದದ್ದು ಅದೊಂದೇ ಪೂಜೆ. ಗಾಡಿ ತೋಟದ ಗೇಟಿನವರೆಗಾದರೂ ಅವಳ ಕೈಯಲ್ಲಿ ಹೋಗಬೇಕು ಎಂದು ನಾನು ಹಟ ಹಿಡಿದೆ. ಹತ್ತು ದಿನ ಮೊದಲೇ ಎಲ್ಲ ತಯಾರಾಯಿತು. ಇನ್ನು ಮುಟ್ಟಬಾರದು ಎಂದು ನನಗೆ ನಾನೇ ಬೈದುಕೊಂಡೆ.

ಪೂಜೆಯ ದಿನ ಬೆಳಿಗ್ಗೆ, ಎಂಜಿನ್ನು ಸ್ವಲ್ಪ ಬಿಸಿಯಾಗಲಿ ಎಂದು ಸ್ಟಾರ್ಟ್ ಮಾಡಿದೆ. ಟಿಕ್ ಟಿಕ್.

ಬಿಡಬೇಕಿತ್ತು. ಅಡುಗೆಮನೆಯಿಂದ ಹೋಳಿಗೆಯ ವಾಸನೆ ಬರುತ್ತಿತ್ತು, ಅವಳು ಬರಲು ಇನ್ನೂ ಹೊತ್ತಿತ್ತು. ಹತ್ತು ನಿಮಿಷದ ಕೆಲಸ ಎಂದುಕೊಂಡೆ. ಮೇಲಿನ ಮುಚ್ಚಳ ಬಿಚ್ಚಿ ಒಂದು ಬೋಲ್ಟು ಬಿಗಿಮಾಡುವಾಗ ಅದು ಪಟ್ಟನೆ ಮುರಿದು ಅದರ ತಲೆ ನನ್ನ ಕೈಗೇ ಬಂತು. ಸೊಹಾರ್‌ನಲ್ಲಿ ಆ ಬೋಲ್ಟು ಸಿಗುವುದಿಲ್ಲ. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಅವಳು ರೇಷ್ಮೆ ಸೀರೆಯುಟ್ಟು ಆರತಿ ತಟ್ಟೆ ಹಿಡಿದು ಬಂದಳು. ಬಾನೆಟ್ ತೆರೆದಿತ್ತು.

"ಬಿಚ್ಚಿದ್ರಿ?"

"ಒಂದು ಸಪ್ಪಳ ಇತ್ತು..."

"ಎರಡು ವರ್ಷ ಆತು, ಆ ಸಪ್ಪಳ ನನಗ ಒಂದ ದಿನಾನೂ ಕೇಳಿಲ್ಲ. ನಿಮಗಷ್ಟ ಕೇಳ್ತೈತಿ. ಗಾಡಿ ಮುಗದ್ರ ಮುಂದ ಏನ್ ಮಾಡ್ಲಿ ಅಂತ ಹೆದರಿಕಿ ನಿಮಗ."

ಅಳುತ್ತಾಳೆ ಅಂದುಕೊಂಡೆ. ಅವಳು ಅಳಲಿಲ್ಲ, ಬಾನೆಟ್ ಮುಚ್ಚಿಸಿ ಕುಂಕುಮ ಹಚ್ಚಿದಳು, ಆರತಿ ಎತ್ತಿದಳು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ಆಮೇಲೆ ಬಾಗಿಲು ತೆಗೆದು ಸ್ಟೇರಿಂಗ್ ಹಿಂದೆ ಕೂತು, ಸೀಟನ್ನು ಕಟಕ್ ಎಂದು ಮುಂದಕ್ಕೆ ಎಳೆದುಕೊಂಡಳು.

"ನ್ಯೂಟ್ರಲ್ ಮಾಡೀನಿ. ದಬ್ರಿ."

ದಬ್ಬಿದೆ. ಅಲುಗಲಿಲ್ಲ. ದೂರದಿಂದ ನೋಡುತ್ತಿದ್ದ ಮಾಲೀಕರು ತಮ್ಮ ಉದ್ದನೆಯ ಬಿಳಿ ಅಂಗಿ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಬಂದು, "ಯಲ್ಲಾ!" ಎಂದು ಹೆಗಲು ಕೊಟ್ಟರು. ನಿಂಬೆಹಣ್ಣು ಪಚ್ಚೆಂದು ಒಡೆಯಿತು. ಎಂಟು ವರ್ಷದಲ್ಲಿ ಮೊದಲ ಸಲ. ಗಾಡಿ ಮಣ್ಣಿನ ದಾರಿಯಲ್ಲಿ ಉರುಳಿ ಗೇಟಿನವರೆಗೆ ಹೋಯಿತು. ಅಲ್ಲಿಂದ ನಾನೂ ಮಾಲೀಕರೂ ಮುಂದೆ ಬಂದು ಹಿಂದಕ್ಕೆ ದಬ್ಬಿದೆವು. ಮರದ ಕೆಳಗೆ ಎರಡು ನೀರಿನ ಡ್ರಮ್ಮುಗಳಿದ್ದವು. ಆ ಭಾರದ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಜಗ್ಗಿ, ಕತ್ತು ಹೊರಳಿಸಿ, ಅವುಗಳ ನಡುವೆ ಎಲ್ಲೂ ತಾಗಿಸದೆ ತಂದು ನಿಲ್ಲಿಸಿದಳು.

"ಪಾಸೋ, ಫೇಲೋ?" ಕಿಟಕಿಯಿಂದ ಕೇಳಿದಳು. ಮುಖವೆಲ್ಲ ಬೆವರು, ಕುಂಕುಮ ಇಳಿದಿತ್ತು.

"ಪಾಸ್" ಎಂದೆ. ಮರುದಿನ, ಊರಲ್ಲಿ ದಸರೆಗೆ ಬನ್ನಿ ಕೊಡುವ ಹಾಗೆ, ಗಾಫ್ ಮರದ ನಾಲ್ಕು ಎಲೆ ಕಿತ್ತು ನನ್ನ ಕೈಗಿಟ್ಟು, "ಬಂಗಾರದಂಗ ಇರ್ರಿ" ಎಂದು ಹೇಳಿ ವಿಮಾನ ಹತ್ತಿದಳು.

ಬೋಲ್ಟು ಮೂರು ವಾರಕ್ಕೆ ಬಂತು. ಜೋಡಿಸಿದೆ. ಸ್ಟಾರ್ಟ್ ಮಾಡಿದಾಗ ಎಂಜಿನ್ನು ಸರಾಗವಾಗಿ ಗುಡುಗಿತು, ಟಿಕ್ ಟಿಕ್ ಇರಲಿಲ್ಲ. ಸೀಟು ಅವಳ ಅಳತೆಗೇ ಇತ್ತು, ನನ್ನ ಮೊಣಕಾಲು ಸ್ಟೇರಿಂಗಿಗೆ ಬಡಿಯಿತು. ಸರಿಸಲಿಲ್ಲ. ಹಾಗೇ ಇಳಿದು ಫೋನ್ ಮಾಡಿದೆ.

"ಹೊಡದ್ರೇನು?" ಎಂದಳು.

"ಇಲ್ಲ. ಮೊದಲ ನೀ."

"ಮಗಳ ರಜಾಕ್ಕ ಬರ್ತೀನಿ. ಅಲ್ಲೀತನಕ ಬಾನೆಟ್ ಎತ್ತಬ್ಯಾಡ್ರಿ."

ಅಂದೇ ಪಾನಾ ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ಮಾಲೀಕರಿಗೆ ಕೊಟ್ಟೆ. ರಜೆಗೆ ಇನ್ನೂ ಐದು ವಾರ. ಸಂಜೆಯಾದರೆ ಕೈ ತುರಿಸುತ್ತದೆ, ಮನೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ಓಡಾಡುತ್ತೇನೆ. ನಿನ್ನೆ ತಡೆಯಲಾಗದೆ ಹೋಗಿ ಕೀಲಿ ಕೇಳಿದೆ. ಸಣ್ಣದೊಂದು ಸಪ್ಪಳ ಬರುತ್ತಿದೆ, ಹತ್ತೇ ನಿಮಿಷದ ಕೆಲಸ ಎಂದೆ. ಮಾಲೀಕರು ಕೀಲಿಯನ್ನು ಜೇಬಿನಿಂದ ತೆಗೆದು ತೋರಿಸಿ, ಮತ್ತೆ ಜೇಬಿಗೇ ಹಾಕಿಕೊಂಡರು.

"ಪಹಲೇ ಮೇಡಂ. ಬಾದ್ ಮೇ ಚಾಬಿ."