ಸಾಜಿಯಾ ಕೂಡಿಸಿದ ನೀಲಿ ಪರದೆ

ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿರುವ ನಮ್ಮ ಖರೀದಿ ಅಂಗಡಿಯ ಕಂಪ್ಯೂಟರು ಸಾಲಾಗಿ ಎರಡು ಸಲ ಟೆಂಡರಿನ ನಡುವೆಯೇ ಆರಿಹೋಯಿತು. ರೈತರು ತಂದ ಕಾಯಿ ದಲಾಲರ ಅಂಗಡಿಗಳ ಮುಂದೆ ರಾಶಿ ಬಿದ್ದಿರುತ್ತದೆ. ನಾವು ಅದನ್ನು ನೋಡಿ, ರಾಶಿಗೊಂದು ಹಿಡಿಯಂತೆ ಸ್ಯಾಂಪಲ್ ತಂದು, ಹೊತ್ತು ಮುಗಿಯುವುದರೊಳಗೆ ನಮ್ಮ ದರವನ್ನು ಕಂಪ್ಯೂಟರಿನಲ್ಲಿ ಹಾಕಬೇಕು. ಆಮೇಲೆ ಎಷ್ಟು ಬಾಯಿ ಮಾಡಿದರೂ ಯಾರೂ ಕೇಳುವುದಿಲ್ಲ. ಮೊಬೈಲಿನಲ್ಲಿ ಹಾಕುವವರೂ ಇದ್ದಾರೆ. ನನ್ನ ದಪ್ಪ ಬೆರಳಿಗೆ ಆ ಸಣ್ಣ ಅಂಕಿ ಸಿಗುವುದಿಲ್ಲ.

ಹಾವೇರಿಯ ರಿಪೇರಿಯವನಿಗೆ ಫೋನು ಮಾಡಿದರೆ ನಾಳೆ ನಾಡಿದ್ದು ಎಂದ. ನಾನು ಅವನಿಗೆ ಬೈಯುತ್ತಿದ್ದುದನ್ನು ಕೇಳಿ ಅಂಗಡಿ ಗುಡಿಸುವ ಬಸವಣ್ಣೆವ್ವ ಕಸಬರಿಗೆ ನಿಲ್ಲಿಸಿದಳು.

"ಸಕೀನಾಬಿ ಮಗಳು ಸ್ಟೇಷನ್ ಹಂತೇಕ ಅಂಗಡಿ ಇಟ್ಟಾಳಲ್ರಿ ಸಾವಕಾರ್ರ. ಆಕಿನ್ನ ಕರೀರಿ."

"ಕಾಯಿ ತೊಟ್ಟು ಮುರಿಯೋ ಸಕೀನಾಬಿ ಮಗಳು?"

"ಹೂಂರಿ. ಅವ್ವ ತೊಟ್ಟು ಮುರೀತಾಳ, ಮಗಳು ಸ್ಕ್ರೂ ಬಿಚ್ಚತಾಳ."

ಆ ಮಗಳು ಸಾಜಿಯಾ ಕೂಸಿದ್ದಾಗ ಇದೇ ಪೇಟೆಯಲ್ಲಿ ತಾಯಿಯ ಪಕ್ಕ ಮಡಚಿದ ಗೋಣಿತಟ್ಟಿನ ಮೇಲೆ ಮಲಗಿರುತ್ತಿದ್ದಳು. ಸುತ್ತ ಕಾಯಿಯ ಘಾಟು, ನಡುವೆ ಮೂಗಿಗೆ ಬಟ್ಟೆ ಕಟ್ಟಿಸಿಕೊಂಡು ನಿದ್ದೆ. ದೊಡ್ಡವಳಾಗಿ ಹಾವೇರಿಯಲ್ಲಿ ಐಟಿಐ ಕಲಿತಳು. ರಾಣೆಬೆನ್ನೂರಿನ ಒಂದು ರಿಪೇರಿ ಅಂಗಡಿಗೆ ದಿನಾ ರೈಲಿನಲ್ಲಿ ಹೋಗಿ ಬಂದು ದುಡಿದಳು. ಅಲ್ಲಿ ಗಿರಾಕಿಗಳು ಅವಳ ಮುಂದೆಯೇ ನಿಂತು "ಮಾಲಕ ಎಲ್ಲಿ" ಎಂದು ಕೇಳುತ್ತಿದ್ದರಂತೆ. ಕೆಲಸ ಇವಳದು, ಮಾತು ಮಾಲಕನದು. ಅದು ಸಾಕಾಗಿ ಊರಿಗೆ ಬಂದು ಸ್ಟೇಷನ್ ಹತ್ತಿರ ಒಂದು ಸಣ್ಣ ಕೋಣೆ ಹಿಡಿದಳು. ಆದರೆ ಪೇಟೆಯವರಲ್ಲಿ ಒಬ್ಬರೂ ಅವಳ ಕೈಗೆ ಒಂದು ಯಂತ್ರ ಕೊಡಲಿಲ್ಲ. ಅವಳ ಪಾಲಿಗೆ ಬಂದದ್ದು ಮೊಬೈಲಿನ ಗಾಜು ಅಂಟಿಸುವ ಕೆಲಸ.

ಕರೆದ ತಕ್ಷಣ ಬಂದಳು. ವೇಲನ್ನು ಮೂಗು ಕಿವಿ ಮುಚ್ಚುವಂತೆ ಬಿಗಿದು ಕಟ್ಟಿ ಕಂಪ್ಯೂಟರಿನ ಡಬ್ಬಿ ಬಿಚ್ಚಿದಳು. ಒಳಗಿನ ಫ್ಯಾನಿಗೆ ಕೆಂಪು ಧೂಳು ಕಂಬಳಿಯಂತೆ ಮೆತ್ತಿತ್ತು.

"ಉಸಿರು ಕಟ್ಟಿ ಬಿದ್ದೈತ್ರಿ ಕಾಕಾರ" ಎಂದಳು. "ಸ್ವಚ್ಛ ಮಾಡ್ತೇನಿ. ಆದ್ರ ಒಳಗ ಏನ್ ನಡದೈತಿ ಅಂತ ನಿಮಗ ಹೊರಗ ಕಾಣಬೇಕು. ಒಂದು ಸಣ್ಣ ಪರದೆ ಕುಂದ್ರಸ್ತೇನಿ."

"ಇಷ್ಟು ದೊಡ್ಡದು ಐತಲ್ಲ, ಮತ್ತೊಂದ್ಯಾಕ?"

"ದೊಡ್ಡದು ಆರಿದ ಮ್ಯಾಲ ಏನ್ ಹೇಳತೈತ್ರಿ?"

ಎದುರು ಮಾತು ನನಗೆ ಮೊದಲೇ ಆಗುವುದಿಲ್ಲ. "ಕುಂದ್ರಸು. ಆದ್ರ ಗುರುವಾರದ ಟೆಂಡರಿನ್ಯಾಗ ಇದು ಮತ್ತ ಆರಿತು ಅಂದ್ರ ಈ ಪೇಟ್ಯಾಗ ನಿನಗ ಯಾರೂ ಕೆಲಸ ಕೊಡಧಂಗ ನಾನ ಮಾಡ್ತೇನಿ."

"ಆರಲಿಲ್ಲ ಅಂದ್ರ?"

"ಆವಾಗ ನೋಡೂಣು."

ನಮ್ಮ ಅಂಗಡಿ ಸಾಲಿನಲ್ಲಿ ನಾನು ಬೇಡ ಎಂದವರನ್ನು ಯಾರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದು ಅವಳಿಗೂ ಗೊತ್ತಿತ್ತು. ಫ್ಯಾನಿನ ಧೂಳು ತೆಗೆದು, ಡಬ್ಬಿ ಮುಚ್ಚಿ ಹೋದಳು.

ಗುರುವಾರ ಮುಂಜಾನೆ ಸಾಮಾನು ತಂದಳು. ಅಂಗೈ ಅಗಲದ ಒಂದು ಪರದೆ, ನಾಲ್ಕು ವೈರು, ಒಂದು ಸಣ್ಣ ಬೋರ್ಡು, ರೇಡಿಯೊದ ಕಿವಿಯಂಥ ಒಂದು ತಿರುಪು. ಪರದೆಯನ್ನೂ ತಿರುಪನ್ನೂ ಡಬ್ಬಿಯ ಮೂತಿಗೆ ಬಿಗಿದು ಕರೆಂಟು ಕೊಟ್ಟಳು. ನೀಲಿ ಬೆಳಕು ಬಂತು. ಅಕ್ಷರ ಬರಲಿಲ್ಲ.

ಹೊರಗೆ ಟೆಂಡರು ಶುರುವಾಗಿತ್ತು. ಸ್ಯಾಂಪಲ್ ತುಂಬಿದ ತಟ್ಟೆಗಳು ಟೇಬಲ್ಲಿನ ಮೇಲೆ ಬಂದು ಕುಳಿತಿದ್ದವು.

"ದೀಪ ಹಚ್ಚಾಕ ಇಷ್ಟು ವೈರು ಬೇಕಾಗಿತ್ತೇನು?" ಎಂದೆ.

ಅವಳು ಒಂದೊಂದೇ ವೈರನ್ನು ಬೆರಳಿನಿಂದ ಒತ್ತಿ ನೋಡಿದಳು. ಏನೂ ಆಗಲಿಲ್ಲ. ಪಕ್ಕದ ಖರೀದಿ ಅಂಗಡಿಯ ಅಣ್ಣಾಜಿ ಬಾಗಿಲಲ್ಲಿ ಇಣುಕಿ, "ಬೀರಲಿಂಗಪ್ಪ, ಪೂಜಿ ಇನ್ನೂ ನಡದೈತೇನು? ನಂದು ಅರ್ಧ ಮುಗೀತು" ಎಂದು ಹಲ್ಲು ಕಿರಿದು ಹೋದ. ನನ್ನ ನೆತ್ತಿ ಕಾಯಿತು. ಅಷ್ಟರಲ್ಲಿ ಅವಳು ಪರದೆಯ ಬೆನ್ನಿಗಿದ್ದ ಸಾಸಿವೆಯಂಥ ಸ್ಕ್ರೂವನ್ನು ತುಸುವೇ ತಿರುಗಿಸಿದಳು. ಮೊದಲು ಕಪ್ಪು ಚೌಕಗಳು, ಆಮೇಲೆ ಎರಡು ಸಾಲು ಅಂಕಿ ಎದ್ದುಬಂದವು.

"ಮ್ಯಾಲಿಂದು ಶಾಖ, ಕೆಳಗಿಂದು ಫ್ಯಾನಿನ ಓಟ. ಈ ತಿರುಪು ತಿರುವಿದ್ರ ಫ್ಯಾನ್ ಜೋರ ಅಕ್ಕೈತಿ. ಮ್ಯಾಲಿಂದು ತೊಂಬತ್ತಕ್ಕ ಹೋತಂದ್ರ ಕಂಪ್ಯೂಟರ್ ತಾನ ಆರತೈತ್ರಿ."

ನಾನು ಕುರ್ಚಿ ಎಳೆದು ಕುಳಿತೆ. ಕಾಯಿ ಮುರಿದು ನೋಡುವುದು, ಬಣ್ಣ ನೋಡುವುದು, ಮೂಸುವುದು, ಒಂದು ಬೆರಳಿನಿಂದ ದರ ಒತ್ತುವುದು. ಕಾಯಿ ಮುರಿದಾಗೆಲ್ಲ ಘಾಟು ಏಳುತ್ತಿತ್ತು. ಪರದೆಯಲ್ಲಿ ಶಾಖ ಅರವತ್ತರ ಮೇಲಿತ್ತು. ಐದಾರು ದರ ಹಾಕಿ ನೋಡಿದರೆ ಎಪ್ಪತ್ತು. ಮತ್ತಷ್ಟು ಹಾಕಿದೆ. ಎಪ್ಪತ್ತೆಂಟು.

"ಏರಾಕತ್ತೈತಿ."

"ನೋಡಾಕತ್ತೇನ್ರಿ" ಎಂದಳು. ಅವಳು ನೋಡುತ್ತಿದ್ದದ್ದು ಮೇಲಿನ ಸಾಲನ್ನಲ್ಲ, ಕೆಳಗಿನದನ್ನು. ಅದು ಏರಿಯೇ ಇರಲಿಲ್ಲ. ಅವಳ ಕೈ ತಿರುಪಿನ ಕಡೆ ಹೋಯಿತು.

ಬಸವಣ್ಣೆವ್ವ ಬಾಗಿಲಿನಿಂದಲೇ, "ಫ್ಯಾನ್ ಜೋರ ಮಾಡಬ್ಯಾಡವಾ, ಘಾಟು ಎದ್ದೀತು" ಎಂದಳು.

ನಮ್ಮ ಕಡೆ ಕಾಯಿ ಇರುವ ಕೋಣೆಯಲ್ಲಿ ಎಂಥ ಬೇಸಿಗೆಯಲ್ಲೂ ಯಾರೂ ಫ್ಯಾನ್ ಹಾಕುವುದಿಲ್ಲ. ಹಾಕಿದರೆ ಮನೆಮಂದಿಯೆಲ್ಲ ಸೀನಿ ಕಣ್ಣುರಿದು ಓಡಬೇಕು. ಆ ಮಾತು ಕೇಳಿ ಸಾಜಿಯಾ ಒಂದು ಗಳಿಗೆ ಬಸವಣ್ಣೆವ್ವನ ಮುಖವನ್ನೇ ನೋಡಿದಳು.

"ತಪ್ಪು ನಂದ ಐತ್ರಿ ಕಾಕಾರ. ಕಾಯಿ ಕೋಣಿ ಅಂತ ಹೇಳಿ ಡಬ್ಬಿ ಒಳಗಿನ ಫ್ಯಾನ್ ನಾನ ಸಣ್ಣಗ ಇಟ್ಟೇನಿ. ಅವ್ವ ಫ್ಯಾನ್ ಮುಟ್ಟಾಕ ಬಿಡತಿದ್ದಿಲ್ಲ, ನಾನೂ ಹಂಗ ಮಾಡೇನಿ. ಗಾಳಿ ಇಲ್ಲದ ಶಾಖ ಒಳಗ ನಿಂತೈತಿ."

"ಹಂಗಾದ್ರ ತಿರುವು, ಲಗೂ."

ಅವಳು ತಿರುವಲಿಲ್ಲ. "ಈಗ ತಿರುವಿದ್ರ ಈ ಟೇಬಲ್ ಮ್ಯಾಲಿನ ಧೂಳೆಲ್ಲಾ ಒಳಗ ಎಳಕೊಂಡು ಮತ್ತ ಕಟ್ಟತೈತಿ. ಮೊದಲು ಕಾಯಿ ಹೊರಗ ಒಯ್ರಿ."

"ಇವತ್ತು ನಡದ್ರ ನನಗ ಸಾಕು."

"ನನಗ ಸಾಲಂಗಿಲ್ರಿ. ಬರೂ ಟೆಂಡರಿಗೆ ಆರಿದ್ರೂ ನೀವು ನನ್ನ ಹೆಸರ ಹೇಳೂದು."

ಎಂಬತ್ತಮೂರು. ನಾನು ಎದ್ದು ನಿಂತೆ. ಕಾಯಿ ಕಣ್ಣ ಮುಂದೆ ಇಲ್ಲದೆ ದರ ಹಾಕುವುದೆಂದರೆ ನಮ್ಮ ದಂಧೆಯಲ್ಲಿ ಕಣ್ಣು ಕಟ್ಟಿಕೊಂಡು ಬಾವಿ ದಾಟಿದ ಹಾಗೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ, ಇಲ್ಲಿ ಬರೆಯುವಂಥದ್ದಲ್ಲ. ಅವಳ ಕಣ್ಣಲ್ಲಿ ನೀರು ಬಂತು, ಘಾಟಿಗೋ ನನ್ನ ಮಾತಿಗೋ. ಕೈ ಮಾತ್ರ ತಿರುಪಿನ ಮೇಲೆ ಹಾಗೇ ಇತ್ತು.

ಬಸವಣ್ಣೆವ್ವ ಕಸಬರಿಗೆ ಮೂಲೆಗೆ ಒಗೆದು ಬಂದು ಎರಡು ತಟ್ಟೆ ಎತ್ತಿಕೊಂಡಳು. "ಬೈಯೂದು ಆಮ್ಯಾಲ ಬೈರಿ ಸಾವಕಾರ್ರ. ಹಿಡೀರಿ, ಆ ತುದಿಯಿಂದು ನೀವ ತರ್ರಿ."

ನಾನು ತಟ್ಟೆಗಳನ್ನು ಹೊತ್ತು ಹೊರಗಿನ ಕಟ್ಟೆಗೆ ತಂದಿಟ್ಟೆ. ಸಾಜಿಯಾ ಹಸಿ ಬಟ್ಟೆಯಿಂದ ಟೇಬಲ್ ಒರೆಸಿ, ಬಾಗಿಲು ಎಳೆದುಕೊಂಡು, ತಿರುಪನ್ನು ಕೊನೆಯವರೆಗೆ ತಿರುಗಿಸಿದಳು. ಒಳಗಿನ ಫ್ಯಾನು ಹಿಟ್ಟಿನ ಗಿರಣಿ ಹಾಗೆ ಕೂಗಿತು. ಕೆಳಗಿನ ಅಂಕಿ ಜಿಗಿಯಿತು. ಮೇಲಿನದು ಮಾತ್ರ ಎಂಬತ್ತಾರಕ್ಕೆ ಹೋಯಿತು. ಎಂಬತ್ತೇಳು. ನಾನೂ ಅವಳೂ ಅದಕ್ಕೆ ಮುಖ ಕೊಟ್ಟು ನಿಂತೆವು. ಎಂಬತ್ತೆಂಟು. ಅಲ್ಲೇ ನಿಂತಿತು, ಬಹಳ ಹೊತ್ತು ನಿಂತಂತೆ ಅನಿಸಿತು. ಆಮೇಲೆ ಎಂಬತ್ತೇಳು.

"ಹೋಗ್ರಿ ಕಾಕಾರ, ಕಾಯಿ ನೋಡಿ ಬರ್ರಿ" ಎಂದಳು ಮೆಲ್ಲಗೆ.

ಕಟ್ಟೆಯ ಮೇಲಿಂದ ಕೂಗಿ ದರ ಹೇಳುವಂತಿರಲಿಲ್ಲ. ದರ ಗುಟ್ಟಿನದು, ಅಣ್ಣಾಜಿಯ ಕಿವಿ ಆ ಕಡೆಯೇ ಇತ್ತು. ಹೊರಗೆ ಹೋಗಿ ಕಾಯಿ ಮುರಿಯುವುದು, ಕೈ ಝಾಡಿಸಿ ಒಳಗೆ ಬರುವುದು, ದರ ಒತ್ತುವುದು, ಮತ್ತೆ ಹೊರಗೆ. ಅಣ್ಣಾಜಿ ತನ್ನ ಕಟ್ಟೆಯಿಂದ, "ಏನೋ ಬೀರಲಿಂಗಪ್ಪ, ಯಾವ ದೇವರಿಗೆ ಸುತ್ತು ಹಾಕಾಕತ್ತೀ?" ಎಂದ. ನಾನು ಮತ್ತೆ ಒಳಗೆ ಓಡಿದೆ. ಸಾಜಿಯಾ ನನ್ನ ದರದ ಕಡೆ ಒಮ್ಮೆಯೂ ನೋಡದೆ ತನ್ನ ಎರಡು ಸಾಲಿಗೇ ಕಣ್ಣು ನೆಟ್ಟಿದ್ದಳು. ನಾನು ಒಳಗೆ ಬಂದಾಗೆಲ್ಲ ಮೇಲಿನ ಅಂಕಿಯನ್ನಷ್ಟೇ ಹೇಳುವಳು. "ಎಂಬತ್ತೊಂದು." "ಎಪ್ಪತ್ತಾರು."

ಕೊನೆಯ ದರ ಒತ್ತಿ ಕುರ್ಚಿಗೆ ಬಿದ್ದೆ. ಸ್ವಲ್ಪ ಹೊತ್ತಿಗೆ ಟೆಂಡರು ಮುಚ್ಚಿತು. ಯಂತ್ರ ಆರಿರಲಿಲ್ಲ.

ಅಣ್ಣಾಜಿ ಬಂದು ಸೊಂಟದ ಮೇಲೆ ಕೈಯಿಟ್ಟು ಬಗ್ಗಿ ಪರದೆ ನೋಡಿದ. "ಏನವಾ, ನಮ್ಮಲ್ಲಿ ಇಂಥಾದ್ದೊಂದು ಕುಂದ್ರಸ್ತೀಯೇನು?"

ಸಾಜಿಯಾ ನನ್ನ ಕಡೆ ನೋಡಿದಳು.

"ನನ್ನ ಮಾರಿ ಏನ್ ನೋಡ್ತಿ? ಕೇಳಾಕತ್ತಿದ್ದು ನಿನಗ" ಎಂದೆ.

"ಕುಂದ್ರಸ್ತೇನ್ರಿ" ಎಂದಳು ಅವನಿಗೆ. "ಆದ್ರ ಮೊದಲು ನಿಮ್ಮ ಕಾಯಿ ಹೊರಗ ಇಡಬೇಕು."

"ಅದ್ಹ್ಯಾಂಗ ಅಕ್ಕೈತವಾ? ಕಾಯಿ ಹೊರಗ, ನಾ ಒಳಗ?"

ಇಬ್ಬರೂ ಅವನ ಅಂಗಡಿಗೆ ಹೋದರು. ಗೋಡೆಯಾಚೆ ಅಣ್ಣಾಜಿಯ ತಕರಾರು ಕೇಳುತ್ತಲೇ ಇತ್ತು, ಅದರ ನಡುವೆ ಸ್ಕ್ರೂ ಬಿಚ್ಚುವ ಸಪ್ಪಳವೂ.